ಸಂಘದ ವೆಬ್‌ಸೈಟ್ ನಿಂತ ನೀರಾಗದಂತೆ ನೋಡಿಕೊಳ್ಳುವುದು ಹೇಗೆ?

ಮುಂಬೈಯ ಮಾಟುಂಗ, ಗೋರೆಗಾಂವ್, ಡೊಂಬಿವಲಿ ಕಡೆಯ ಕನ್ನಡ ಸಂಘಗಳಲ್ಲಿ ವರ್ಷವಿಡೀ ಏನಾದರೊಂದು ಕಾರ್ಯಕ್ರಮ ಇದ್ದೇ ಇರುತ್ತದೆ. ಆದರೆ ಸಂಘದ ವೆಬ್‌ಸೈಟ್ ತೆರೆದರೆ ಎಷ್ಟೋ ಸಲ ಹಳೇ ಸಮಿತಿಯ ಹೆಸರುಗಳೇ ಕಾಣುತ್ತವೆ. ಇದಕ್ಕೆ ಸೋಮಾರಿತನ ಕಾರಣವಲ್ಲ. ಸೈಟ್ ಮಾಡಿಕೊಟ್ಟವರು ಬೇರೆ ಊರಿಗೆ ಹೋಗಿರುತ್ತಾರೆ, ಪಾಸ್‌ವರ್ಡ್ ಅವರ ಹತ್ತಿರವೇ ಉಳಿದಿರುತ್ತದೆ.

ಹಾಗಾಗಿ ಬರೆಯುವ ಕೆಲಸಕ್ಕಿಂತ ಮೊದಲು ಬೀಗದ ಕೈ ಯಾರ ಬಳಿ ಇದೆ ಅಂತ ನೋಡಿ. ಇಲ್ಲಿ ವರ್ಡ್‌ಪ್ರೆಸ್ ಹಿಡಿದು ಹೇಳುತ್ತೇನೆ. ವೆಬ್‌ಸೈಟ್ ಕಟ್ಟಿ ನಡೆಸಲು 2003ರಲ್ಲಿ ಬಂದ ಈ ತಂತ್ರಾಂಶ ಉಚಿತ. ಡೊಮೇನ್ (ಸೈಟ್‌ನ ವಿಳಾಸ) ಮತ್ತು ಹೋಸ್ಟಿಂಗ್‌ಗೆ (ಸೈಟ್ ಇಡುವ ಸರ್ವರ್‌ನ ಜಾಗ) ಮಾತ್ರ ದುಡ್ಡು ಕೊಡಬೇಕು. ಆ ಎರಡೂ ಖಾತೆ ಸಂಘದ ಇಮೇಲ್‌ನಲ್ಲಿರಲಿ, ಯಾರದೋ ಸ್ವಂತ ಇಮೇಲ್ ಬೇಡ.

ಈಗ ಸೈಟ್‌ಗೆ ಲಾಗಿನ್ ಆದಾಗ ಕಾಣುವ ಡ್ಯಾಶ್‌ಬೋರ್ಡ್‌ನ ‘ಯೂಸರ್ಸ್’ಗೆ ಹೋಗಿ, ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿಕೊಡಿ. ಸೈಟ್‌ನ ಪೂರ್ತಿ ಅಧಿಕಾರವಿರುವ ಅಡ್ಮಿನಿಸ್ಟ್ರೇಟರ್ ಇಬ್ಬರು ಸಾಕು. ಕಾರ್ಯದರ್ಶಿಗೆ ಎಡಿಟರ್ ಪಾತ್ರ ಕೊಟ್ಟರೆ ಅವರು ಎಲ್ಲ ಪುಟಗಳನ್ನೂ ತಿದ್ದಬಹುದು. ವರದಿ ಬರೆಯುವ ಯುವಕರು ಕಾಂಟ್ರಿಬ್ಯೂಟರ್ ಆಗಿರಲಿ. ಅವರು ಬರೆದದ್ದು ಎಡಿಟರ್ ಒಪ್ಪಿದ ಮೇಲೆಯೇ ಪ್ರಕಟವಾಗುತ್ತದೆ. ಆದರೆ ಈ ಪಾತ್ರದಲ್ಲಿ ಫೋಟೊ ಏರಿಸಲು ಆಗುವುದಿಲ್ಲ. ಫೋಟೊನೂ ಅವರೇ ಹಾಕಬೇಕಾದರೆ ಆಥರ್ ಪಾತ್ರ ಕೊಡಿ. ಸಮಿತಿ ಬದಲಾದ ದಿನವೇ ಈ ಪಟ್ಟಿಯೂ ಬದಲಾಗಲಿ.

ಸಂಘದ ಪರಿಚಯ, ವಿಳಾಸ, ಪದಾಧಿಕಾರಿಗಳ ಪಟ್ಟಿ ‘ಪೇಜ್’ನಲ್ಲಿರಲಿ. ಕಾರ್ಯಕ್ರಮದ ಸುದ್ದಿ, ವರದಿ ‘ಪೋಸ್ಟ್’ ಆಗಲಿ.

ಕನ್ನಡದವರಿಗೆ ಜಾಸ್ತಿ ತೊಂದರೆ ಕೊಡುವುದು ಅಕ್ಷರ. ಆಮಂತ್ರಣ ಪತ್ರಿಕೆ ಮಾಡಿದ ಡಿಟಿಪಿಯವರು ಸಾಮಾನ್ಯವಾಗಿ ನುಡಿ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿರುತ್ತಾರೆ. ಅದನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಮೊದಲು ಎಲ್ಲ ಫೋನ್, ಕಂಪ್ಯೂಟರ್‌ಗಳಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಟ್ಟು ಓದಿ. ಇಡೀ ಪತ್ರಿಕೆಯನ್ನು ಬರೀ ಫೋಟೊ ಮಾಡಿ ಹಾಕುವುದು ಸುಲಭ, ನಿಜ. ಆದರೆ ಅದರೊಳಗಿನ ಅಕ್ಷರ ಗೂಗಲ್ ಹುಡುಕಾಟಕ್ಕೆ ಸುಲಭವಾಗಿ ಸಿಗುವುದಿಲ್ಲ, ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳುವುದೂ ಕಷ್ಟ. ದಿನಾಂಕ, ಸಮಯ, ಸ್ಥಳವನ್ನಾದರೂ ಟೈಪ್ ಮಾಡಿಯೇ ಹಾಕಿ.

ಪ್ರಕಟಿಸುವ ಮೊದಲು ‘ಸ್ಲಗ್’, ಅಂದರೆ ಪುಟದ ವಿಳಾಸದ ಕೊನೆಯ ಭಾಗವನ್ನೂ ನೋಡಿಕೊಳ್ಳಿ. ಶೀರ್ಷಿಕೆ ಕನ್ನಡದಲ್ಲಿದ್ದರೆ ಪುಟದ ವಿಳಾಸವೂ ಕನ್ನಡದಲ್ಲೇ ಬರುತ್ತದೆ. ಅದನ್ನು ವಾಟ್ಸಾಪ್‌ಗೆ ಹಾಕಿದಾಗ ಶೇಕಡಾ ಗುರುತು, ಅಂಕಿಗಳ ಉದ್ದನೆಯ ಸಾಲಾಗಿಬಿಡಬಹುದು. ಒಂದು ಕನ್ನಡ ಅಕ್ಷರ, ಒಂದು ಗುಣಿತ ಚಿಹ್ನೆ ಅಲ್ಲಿ ತಲಾ 9 ಅಕ್ಷರದಷ್ಟು ಜಾಗ ತಿನ್ನುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಬರೆದುಬಿಡಿ.

ಏನಾದರೂ ತಪ್ಪಿ ಅಳಿಸಿಹೋದರೆ ಗಾಬರಿ ಬೇಡ. ಅಳಿಸಿದ ಪೋಸ್ಟ್ 30 ದಿನ ‘ಟ್ರ್ಯಾಶ್’ನಲ್ಲಿರುತ್ತದೆ, ತಿದ್ದುವ ಮುಂಚಿನ ರೂಪ ‘ರಿವಿಷನ್ಸ್’ನಲ್ಲಿ ಸಿಗುತ್ತದೆ.

ಇನ್ನು ಅಪ್‌ಡೇಟ್. ವರ್ಡ್‌ಪ್ರೆಸ್, ಥೀಮ್ (ಸೈಟ್‌ನ ವಿನ್ಯಾಸ), ಪ್ಲಗಿನ್ (ಹೆಚ್ಚಿನ ಸೌಲಭ್ಯಕ್ಕೆ ಸೇರಿಸುವ ಚಿಕ್ಕ ತಂತ್ರಾಂಶ) ಮೂರನ್ನೂ ಹೊಸದಾಗಿಡಿ, ಹ್ಯಾಕರ್‌ಗಳು ನುಗ್ಗುವುದು ಹೆಚ್ಚಾಗಿ ಹಳೇ ಪ್ಲಗಿನ್‌ಗಳಿಂದಲೇ. ಬಳಸದ ಪ್ಲಗಿನ್‌ಗಳನ್ನು ಸುಮ್ನೆ ಇಟ್ಟುಕೊಳ್ಳದೆ ತೆಗೆದುಹಾಕಿ. ಅಪ್‌ಡೇಟ್‌ಗೆ ಮುಂಚೆ ಬ್ಯಾಕಪ್ (ಇಡೀ ಸೈಟ್‌ನ ಇನ್ನೊಂದು ಪ್ರತಿ) ತೆಗೆಯಿರಿ. ಅದು ಸಂಘದ ಗೂಗಲ್ ಡ್ರೈವ್‌ಗೆ ಹೋಗಲಿ. ಅದೇ ಸರ್ವರ್‌ನಲ್ಲಿಟ್ಟರೆ ಸರ್ವರ್ ಕೆಟ್ಟ ದಿನ ಸೈಟೂ ಹೋಗುತ್ತದೆ, ಬ್ಯಾಕಪ್ಪೂ ಹೋಗುತ್ತದೆ.