ಮೂರನೇ ಸಲಕ್ಕೆ ನಿಂತ ಜಲ್ಲಿ ದಾರಿ

ನಮ್ಮ ಮನೆ ಉಡುಪಿ ಕಡೆಯ ಹಿರಿಯಡಕದ ಹತ್ತಿರ. ಗೇಟಿನಿಂದ ಅಂಗಳಕ್ಕೆ ಸುಮಾರು 200 ಅಡಿ ಇಳಿಜಾರು, ಅಗಲ 10 ಅಡಿ. ಇಂಟರ್‌ಲಾಕ್ ಇಟ್ಟಿಗೆ ಹಾಸಲು ಕೇಳಿದರೆ ಒಂದೂವರೆ ಲಕ್ಷ ಅಂದರು. ಜಲ್ಲಿಯಲ್ಲೇ ಮಾಡುತ್ತೇನೆ ಅಂದೆ. ಹೆಂಡತಿಯ ತಮ್ಮ ನಕ್ಕ. "ಸುಮ್ನೆ ದುಡ್ಡು ದಂಡ ಭಾವ, ಆಟಿ ಮಳೆಗೆ ಎಲ್ಲ ಗದ್ದೆಗೆ ಹೋಗ್ತದೆ."

ಆಟಿ ಅಂದರೆ ನಮ್ಮ ಕಡೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು. ಎರಡು ಸಲ ಅವನ ಮಾತೇ ನಿಜವಾಯಿತು. ಮೊದಲು ಮಣ್ಣಿನ ಮೇಲೆ ಹಾಗೇ 40 ಎಂಎಂ ಗಾತ್ರದ ಜಲ್ಲಿ ಸುರಿಸಿದೆ, ಎರಡು ಲೋಡ್. ಜುಲೈ ಮುಗಿಯುವಾಗ ಜಲ್ಲಿ ಕೆಸರಿನ ಒಳಗೆ. 12 ಸಾವಿರ ಹೋಯಿತು. ಮರುವರ್ಷ ಹುಡಿ ಇಲ್ಲದ 20 ಎಂಎಂ ಹಾಕಿದೆ. ನೋಡಲು ಚಂದ, ಆದರೆ ಕಲ್ಲಿಗೆ ಕಲ್ಲು ಕಚ್ಚಲೇ ಇಲ್ಲ. ತಿರುವಿನಲ್ಲಿ ಸ್ಕೂಟರ್ ಜಾರಿ ನನ್ನ ಮೊಣಕಾಲಿನ ಚರ್ಮ ಕಿತ್ತುಹೋಯಿತು.

ಆ ಮಳೆಗಾಲ ಒಂದು ದಿನ ಕೊಡೆ ಹಿಡಿದು ಅರ್ಧ ಗಂಟೆ ದಾರಿಯಲ್ಲೇ ನಿಂತೆ. ನೀರು ಟಯರಿನ ಎರಡು ಗೆರೆ ಹಿಡಿದು ದಡದಡ ಇಳಿಯುತ್ತಿತ್ತು. ನೀರು ಹೋಗಲೆಂದು ಪಕ್ಕದಲ್ಲಿ ನಾನು ತೆಗೆಸಿದ ಕಣಿಯಲ್ಲಿ, ಅಂದರೆ ಚರಂಡಿಯಲ್ಲಿ, ಬೊಗಸೆ ನೀರೂ ಇಲ್ಲ!

ಏಪ್ರಿಲ್‌ನಲ್ಲಿ ಜೆಸಿಬಿ ತರಿಸಿ ಹಳೆಯ ಜಲ್ಲಿಯನ್ನೆಲ್ಲ ಕೆರೆಸಿದೆ. ನಡುವೆ ಮೂರು ಇಂಚು ಎತ್ತರ ಬರುವಂತೆ ಬೆನ್ನು ಕೊಟ್ಟೆ, ಮೂರು ಕಡೆ ಓರೆಯಾಗಿ ಅಡ್ಡಕಣಿ. ಎಷ್ಟು ಓರೆ ಎಂಬುದನ್ನು ಹೇಳುವುದಿಲ್ಲ, ಕೊಡೆ ಹಿಡಿದು ನೀವೇ ನಿಲ್ಲಿ. ಆಮೇಲೆ 20 ಎಂಎಂ, ಜಲ್ಲಿ ಹುಡಿ, ಸ್ವಲ್ಪ ಮುರಮಣ್ಣು (ಮುರಕಲ್ಲಿನ ಕೆಂಪು ಮಣ್ಣು) ಕಲಸಿದೆ. ಮುರ ಜಾಸ್ತಿಯಾದರೆ ಮಳೆಗೆ ಗಂಜಿಯಾಗುತ್ತದೆ, ಕಡಿಮೆಯಾದರೆ ಬೇಸಿಗೆಯಲ್ಲಿ ಬಿಡಿಬಿಡಿ. ನೀರು ಚಿಮುಕಿಸಿ ಒಂದು ಹಿಡಿ ಹಿಂಡಬೇಕು. ಉಂಡೆ ನಿಂತು, ಹೆಬ್ಬೆರಳಲ್ಲಿ ಒತ್ತಿದಾಗ ಎರಡು ಮೂರು ತುಂಡಾದರೆ ಹದ. ಬೆರಳಿಗೆ ಮೆತ್ತಿದರೆ ಅರ್ಧ ದಿನ ಬಿಸಿಲಿಗೆ ಬಿಡಿ. ಎರಡು ಪದರ, ಪ್ರತಿ ಪದರಕ್ಕೂ ರೋಲರ್. ಒಟ್ಟಿಗೆ ಸುರಿದು ಒಮ್ಮೆ ಓಡಿಸಿದರೆ ಮೇಲೆ ಮಾತ್ರ ಗಟ್ಟಿ, ಅಡಿ ಪೊಳ್ಳು.

ಹೊಸ ಜಲ್ಲಿ, ಹುಡಿ ಸೇರಿ ಮೂರು ಲೋಡ್, ಜೆಸಿಬಿ, ರೋಲರ್, ಇಬ್ಬರ ಕೂಲಿ, ಎಲ್ಲ ಸೇರಿ 38 ಸಾವಿರದ ಆಸುಪಾಸು. ಚಹಾ ತಿಂಡಿ ಲೆಕ್ಕ ಇಟ್ಟಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಕೆಳಗಿನ ತಿರುವಿನಲ್ಲಿ ಜಲ್ಲಿಯ ಅಡಿಗೆ ತೆಂಗಿನ ಸಿಪ್ಪೆ ಹಾಸಿದೆ. ಒಂದು ಮಳೆಗಾಲ ಸ್ಪಂಜಿನ ಹಾಗೆ ಚೆನ್ನಾಗಿತ್ತು. ಮರುವರ್ಷ ಸಿಪ್ಪೆ ಕೊಳೆತು ಕಾರಿನ ಚಕ್ರ ಅಲ್ಲೇ ಹೂತಿತು. ಸಿಪ್ಪೆ ಬಚ್ಚಲ ಒಲೆಗೇ ಸರಿ.

ಈಗ ಮೂರು ಮಳೆಗಾಲ ಕಳೆಯಿತು. ಆಟಿ ಕಳೆದ ಮೇಲೆ ಬರುವ ಸೋಣ ತಿಂಗಳಲ್ಲಿ ಕಣಿಯ ಕಸ ತೆಗೆದು, ಬದಿಗೆ ಸರಿದ ಹುಡಿಯನ್ನು ನಡುವಿಗೆ ಎಳೆಯುತ್ತೇನೆ, ಅರ್ಧ ದಿನದ ಕೆಲಸ. ಗೇಟಿನ ಹೊರಗೇ ಕಾರು ನಿಲ್ಲಿಸುತ್ತಿದ್ದ ಹೆಂಡತಿಯ ತಮ್ಮ ಈಗ ಅಂಗಳದವರೆಗೂ ತರುತ್ತಾನೆ, ಮಾತು ಮಾತ್ರ ಎತ್ತುವುದಿಲ್ಲ. ಗೇಟಿನ ಬಾಯಿಯಲ್ಲಿ ಮೇಲಿನ ರಸ್ತೆಯ ನೀರು ನುಗ್ಗಿ ಒಂದು ಗುಂಡಿ ಬೀಳುತ್ತಲೇ ಇದೆ. ಅದಕ್ಕೆ ಈ ಸಲ ಕಬ್ಬಿಣದ ಜಾಲರಿ ಹಾಕಿ ನೋಡಬೇಕು.