ಕಾಗದ ಹುಳದ್ದು, ತಕರಾರು ಔಷಧಿಯದ್ದು

ಕೋಲಾರದ ಮಂಡಿಯಿಂದ ಟೊಮೆಟೊ ಲೋಡ್ ಕಳಿಸುವುದು ನನ್ನ ಕೆಲಸ. ಉತ್ತರ ಪ್ರದೇಶದಲ್ಲಿ ನೇಪಾಳ ಗಡಿ ಹತ್ತಿರ ಇರುವ ಗೋರಖಪುರದ ವ್ಯಾಪಾರಿಯೊಬ್ಬರು ಅದರಲ್ಲಿ ಒಂದು ಪಾಲನ್ನು ನೇಪಾಳಕ್ಕೆ ಮಾರುತ್ತಿದ್ದರು. 2019ರ ಜೂನ್‌ನಲ್ಲಿ ಅವರ ಫೋನ್ ಬಂತು. "ಭಾಯಿ ಸಾಬ್, ಗಾಡಿ ಗಡಿಯಲ್ಲೇ ನಿಂತಿದೆ. ಇನ್ನು ಮಾಲು ಕಳಿಸಬೇಡಿ."

ಹೊರಗಿನಿಂದ ಬರುವ ತರಕಾರಿ, ಹಣ್ಣಿನಲ್ಲಿ ಕೀಟನಾಶಕ ಎಷ್ಟು ಉಳಿದಿದೆ ಅಂತ ಪರೀಕ್ಷೆ ಆಗಲೇಬೇಕು ಎಂದು ನೇಪಾಳ ನಿಯಮ ಮಾಡಿತ್ತು. ಗಡಿಯಲ್ಲಿ ಮಾತ್ರ ಲ್ಯಾಬ್ ಇರಲಿಲ್ಲ. ಸ್ಯಾಂಪಲ್ ಕಾಠ್ಮಂಡುವಿಗೆ ಹೋಗಿ ಬರಬೇಕು. ಜೂನ್ ಸೆಕೆಯಲ್ಲಿ ಹಣ್ಣಾದ ಟೊಮೆಟೊ ಅಷ್ಟು ದಿನ ಕಾಯುತ್ತಾ? ಎರಡು ಲೋಡು ಬಾಕ್ಸಿನಲ್ಲೇ ರಸವಾಗಿ ಸೋರಿತು. ಜುಲೈ ಮೊದಲ ವಾರ, ಭಾರತದ ರಾಯಭಾರ ಕಚೇರಿಯ ಪತ್ರ ಹೋದ ಮೇಲೆ, ನೇಪಾಳ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು.

ಮಂಡಿಯವರೆಲ್ಲ ಬಚಾವಾದೆವು ಅಂದರು. ನನಗೆ ಸಮಾಧಾನವಾಗಲಿಲ್ಲ. ಲೋಡಿನ ಜೊತೆ ಸಸ್ಯ ಆರೋಗ್ಯ ಪ್ರಮಾಣಪತ್ರ ಇತ್ತಲ್ಲ ಅಂತ ಮೊದಲು ನಾನೂ ವಾದ ಮಾಡಿದ್ದೆ. 2009ರ ವ್ಯಾಪಾರ ಒಪ್ಪಂದದ ಪ್ರಕಾರ ಎರಡೂ ದೇಶಗಳು ಒಬ್ಬರ ಪ್ರಮಾಣಪತ್ರವನ್ನು ಇನ್ನೊಬ್ಬರು ಒಪ್ಪಬೇಕು. ಸರಿ, ಆದರೆ ಆ ಕಾಗದದಲ್ಲಿ ಇರುವುದು ಹುಳ, ರೋಗದ ಮಾತು ಮಾತ್ರ. ತೋಟದಲ್ಲಿ ಹೊಡೆದ ಕೀಟನಾಶಕ ಔಷಧಿ ಎಷ್ಟು ಉಳಿದಿದೆ ಅಂತ ಒಂದಕ್ಷರ ಇಲ್ಲ. ಅವರು ಕೇಳಿದ್ದೇ ಬೇರೆ, ನಾವು ತೋರಿಸಿದ್ದೇ ಬೇರೆ.

ಕಾಠ್ಮಂಡುವಿನ ಕಾಲಿಮಾಟಿ ಮಾರುಕಟ್ಟೆಯಲ್ಲಿ ಬೇಗ ಆಗುವ ಒಂದು ಪರೀಕ್ಷೆ ಇದೆ. ಉಳಿದ ಔಷಧಿಯಿಂದ ಒಂದು ಕಿಣ್ವದ (ಎನ್‌ಜೈಮ್) ಕೆಲಸಕ್ಕೆ ಎಷ್ಟು ಅಡ್ಡಿಯಾಯಿತು ಅಂತ ನೋಡುತ್ತಾರೆ. ಅಡ್ಡಿ ಶೇ 35ಕ್ಕಿಂತ ಕಡಿಮೆ ಇದ್ದರೆ ಮಾರಬಹುದು, 45 ದಾಟಿದರೆ ಮಾಲು ಹೋಯಿತು ಅಂತಲೇ ಲೆಕ್ಕ. ಆದರೆ ಅದು ಹಿಡಿಯುವುದು ಆರ್ಗನೋಫಾಸ್ಫೇಟ್, ಕಾರ್ಬಮೇಟ್ ಅನ್ನುವ ಎರಡು ಗುಂಪಿನ ಕೀಟನಾಶಕಗಳನ್ನು ಮಾತ್ರ. ಉಳಿದವು ಸುಮ್ನೆ ದಾಟಿಹೋಗುತ್ತವೆ. ನಮ್ಮ ಬೆಂಗಳೂರಿನ ಲ್ಯಾಬ್‌ನಲ್ಲಿ ಒಂದೊಂದು ಔಷಧಿಯನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ. ಒಂದೇ ಟೊಮೆಟೊ, ಎರಡು ತಕ್ಕಡಿ.

ಮುಂದಿನ ಹಂಗಾಮಿಗೆ ಆರು ಜನ ರೈತರನ್ನು ಒಪ್ಪಿಸಿದೆ. ಹೊಡೆದ ಔಷಧಿ, ತಾರೀಕು, ಎಷ್ಟು ಎಂಎಲ್, ಎಲ್ಲ ನೋಟ್‌ಬುಕ್‌ನಲ್ಲಿ ಬರೆಯಬೇಕು. ಕಷ್ಟವಾಗಿದ್ದು ಔಷಧಿ ಹೊಡೆದ ಮೇಲೆ ಹಣ್ಣು ಕೀಳುವ ಮುಂಚೆ ಕಾಯುವ ದಿನಗಳ ವಿಷಯ. ಟೊಮೆಟೊ ಒಂದು ಸಲ ಶುರುವಾದರೆ ಮೂರು ನಾಲ್ಕು ದಿನಕ್ಕೊಮ್ಮೆ ಕೀಳಲೇಬೇಕು. ಡಬ್ಬಿ ಮೇಲೆ ಏಳು ದಿನ ಕಾಯಿರಿ ಅಂತಿದ್ದರೆ ರೈತ ಏನು ಮಾಡಬೇಕು? ಹಾಗಾಗಿ ಹೆಚ್ಚು ದಿನ ಕಾಯಬೇಕಾದ ಔಷಧಿಗಳನ್ನು ಮೊದಲ ಕೊಯ್ಲಿಗೆ ಮುಂಚೆಯೇ ಮುಗಿಸುವುದು ಅಂತ ಮಾಡಿಕೊಂಡೆವು. ಲ್ಯಾಬ್ ಖರ್ಚು ನನ್ನದು, ರೈತರಿಗೆ ಬಾಕ್ಸಿಗೆ ಹತ್ತು ರೂಪಾಯಿ ಜಾಸ್ತಿ.

ಮೊದಲ ಸಲ ಎರಡು ತೋಟದ ವರದಿ ಸರಿ ಬರಲಿಲ್ಲ. ಆ ಬಾಕ್ಸ್‌ಗಳನ್ನು ಗೋರಖಪುರದ ಲಾರಿಗೆ ಹತ್ತಿಸಲಿಲ್ಲ. ಅದರಲ್ಲೊಬ್ಬ ರೈತ ಮರುದಿನ ಬಂದು, "ಅಣ್ಣಾ, ನೇಪಾಳದವರಿಗೆ ಬೇಡವಾದ ಹಣ್ಣು ಎಲ್ಲಿಗೆ ಹೋಯ್ತು?" ಅಂದ.

ಹರಾಜಿಗೆ ಇಟ್ಟಿದ್ದೆ. ಬೆಂಗಳೂರಿನವರು ತಗೊಂಡು ಹೋಗಿದ್ದರು.