ಬೈದರೆ ಸರಿಯಾಗುತ್ತಾರೆ ಅಂದುಕೊಂಡಿದ್ದೆ

ಹಿರಿಯಡ್ಕದ ಆಚೆ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಪೀಲಿಂಗ್ ಮತ್ತು ಗ್ರೇಡಿಂಗ್ ನೋಡಿಕೊಳ್ಳುವುದು ನನ್ನ ಕೆಲಸ. ಎಪ್ಪತ್ತು ಚಿಲ್ಲರೆ ಹೆಂಗಸರು, ಮೂವರು ಸೂಪರ್‌ವೈಸರ್‌ಗಳು, ಲೆಕ್ಕ ಬರೆಯುವ ಒಬ್ಬ ರೈಟರ್. ಬಿ.ಎ.ಯಲ್ಲಿ ಮನಃಶಾಸ್ತ್ರ ಓದಿದ್ದೆ. ಪರೀಕ್ಷೆ ಮುಗಿದದ್ದೇ ಪುಸ್ತಕ ಅಟ್ಟ ಸೇರಿತ್ತು. ಕಾರ್ಖಾನೆಗೆ ಬಂದ ಮೇಲೆ ನನ್ನ ಹತ್ತಿರ ಉಳಿದಿದ್ದ ಮನಃಶಾಸ್ತ್ರ ಒಂದೇ: ಬೈದರೆ ಸರಿಯಾಗುತ್ತಾರೆ.

ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಕಣ್ಣಾರೆ ಕಂಡದ್ದು. ಬೇಯಿಸಿ, ಓಡು ಕತ್ತರಿಸಿ ತೆಗೆದ ತಿರುಳು ನಮ್ಮಲ್ಲಿ ಬೋರ್ಮಕ್ಕೆ ಹೋಗುತ್ತದೆ. ಬೋರ್ಮ ಅಂದರೆ ಬಿಸಿಗಾಳಿಯ ಗೂಡು. ಅಲ್ಲಿ ಗಂಟೆಗಟ್ಟಲೆ ಒಣಗಿದ ಮೇಲೆ ಒಳಗಿನ ಕೆಂಪು ಸಿಪ್ಪೆ ಸಡಿಲವಾಗುತ್ತದೆ, ಹೆಂಗಸರು ಸಣ್ಣ ಚೂರಿಯಲ್ಲಿ ಅದನ್ನು ಬಿಡಿಸುತ್ತಾರೆ. ತಿರುಳು ಇಡೀ ಉಳಿದರೆ ಒಂದು ಬೆಲೆ, ತುಂಡಾದರೆ ಇನ್ನೊಂದು. ಹಾಗಾಗಿ ಸಂಜೆ ಯಾರ ಟ್ರೇಯಲ್ಲಿ ತುಂಡು ಎಷ್ಟು ಅನ್ನುವುದೇ ನನ್ನ ದಿನದ ಲೆಕ್ಕ. ತುಂಡು ಜಾಸ್ತಿ ಕಂಡವರಿಗೆ ಅಲ್ಲೇ, ಎಲ್ಲರ ಎದುರು ಮಂಗಳಾರತಿ. ಮರುದಿನ ನೋಡಿದರೆ ತುಂಡು ಕಡಿಮೆ! ಯಾರನ್ನಾದರೂ ಹೊಗಳಿದರೆ ಮರುದಿನ ಅವರದ್ದೇ ಟ್ರೇ ಕೆಟ್ಟಿರುತ್ತಿತ್ತು. ವರ್ಷಗಟ್ಟಲೆ ಹೀಗೆ ಕಂಡರೆ ಯಾರು ತಾನೇ ನಂಬುವುದಿಲ್ಲ?

2018ರ ಮಳೆಗಾಲದಲ್ಲಿ ಒಂದು ಲಾಟ್ ವಾಪಸ್ ಬಂತು. ನಮ್ಮ ಗ್ರೇಡಿನ ನಂಬರ್ ಒಂದು ಪೌಂಡಿಗೆ ಎಷ್ಟು ತಿರುಳು ಅನ್ನುವುದರ ಮೇಲೆ ನಿಂತಿದೆ. 320 ಅಂದರೆ ಪೌಂಡಿಗೆ 300ರಿಂದ 320, 240 ಅಂದರೆ 220ರಿಂದ 240. ನಂಬರ್ ಸಣ್ಣದಾದಷ್ಟು ಬೀಜ ದೊಡ್ಡದು, ಬೆಲೆಯೂ ದೊಡ್ಡದು. 240 ಎಂದು ಕಳಿಸಿದ ಪೆಟ್ಟಿಗೆಗಳಲ್ಲಿ 320 ಬೆರೆತಿತ್ತು. ಧಣಿಗಳು ನನ್ನನ್ನು ಕರೆಸಿ ಕೇಳಬೇಕಾದ್ದನ್ನೆಲ್ಲ ಕೇಳಿದರು. ನಾನು ಕೆಳಗೆ ಬಂದು ಗ್ರೇಡಿಂಗ್ ಮೇಜಿನ ಮೇಲೆ ಅದನ್ನು ಎರಡು ಪಟ್ಟು ಮಾಡಿ ಸುರಿದೆ.

ಎರಡು ವಾರ ಕಳೆದ ಮೇಲೆ, ಗಂಜಿ ಊಟದ ಹೊತ್ತಿಗೆ, ಗ್ರೇಡಿಂಗಿನ ಒಬ್ಬಳು ಹುಡುಗಿ ಕೈ ತೊಳೆಯುವಲ್ಲಿ ನನ್ನ ಪಕ್ಕ ನಿಂತಳು. ಆ ದಿನ ಎರಡು ಟ್ರೇ ಅದಲುಬದಲಾದದ್ದು ಅವಳಿಗೆ ಅವತ್ತೇ ಗೊತ್ತಿತ್ತಂತೆ. "ಮತ್ತೆ ಎಂತಕ್ಕೆ ಹೇಳಲಿಲ್ಲ ಮಾರಾಯ್ತಿ?" ಅಂದೆ. ನಳ್ಳಿ ನೋಡಿಕೊಂಡೇ ಹೇಳಿದಳು, "ಅಕ್ಕಾ, ಎಂಕ್ ಪೋಡಿಗೆ ಆಂಡ್."

ಹೆದರಿಕೆ ಆಯಿತು, ಅಷ್ಟೆ. ಕದಿಯುವ ಹುಡುಗಿ ಅಲ್ಲ, ಸೋಮಾರಿಯೂ ಅಲ್ಲ. ಅವಳು ಹೆದರಿದ್ದು ನನಗೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಆದರೂ ಬೈಗುಳ ಬಿಡುವ ಧೈರ್ಯ ಬರಲಿಲ್ಲ. ಬಿಟ್ಟರೆ ತುಂಡು ಹೆಚ್ಚಾದರೆ? ಆ ಭಯ ಕಳೆದದ್ದು ನನ್ನ ಅಮ್ಮ ಜಾರಿ ಬಿದ್ದು ಸೊಂಟ ಮುರಿದುಕೊಂಡದ್ದರಿಂದ ಅಂದರೆ ವಿಚಿತ್ರ ಅನ್ನಿಸಬಹುದು. ಹತ್ತು ದಿನ ಮಣಿಪಾಲದಲ್ಲಿ ಆಸ್ಪತ್ರೆವಾಸ. ವಾಪಸ್ ಬಂದು ರೈಟರ್‌ ಬರೆದಿಟ್ಟ ತುಂಡಿನ ಪುಸ್ತಕ ತೆರೆದೆ. ಆ ಹತ್ತು ದಿನ ಯಾರಿಗೂ ಯಾರೂ ಬೈದಿರಲಿಲ್ಲ. ಸೂಪರ್‌ವೈಸರ್‌ಗಳಿಗೆ ನನ್ನಷ್ಟು ಬಾಯಿ ಇಲ್ಲ. ಆದರೂ ಒಂದು ದಿನ ತುಂಡು ಏರಿದವರದ್ದು ಮರುದಿನ ಇಳಿದಿತ್ತು. ತುಂಬ ಚೆನ್ನಾಗಿ ಮಾಡಿದವರದ್ದು ಮರುದಿನ ಸ್ವಲ್ಪ ಕೆಟ್ಟಿತ್ತು. ನಾನು ಇದ್ದಾಗ ಹೇಗೋ, ಇಲ್ಲದಾಗಲೂ ಹಾಗೆಯೇ.

ಆಗ ಅಟ್ಟದ ಪುಸ್ತಕ ನೆನಪಾಯಿತು. ಮನಃಶಾಸ್ತ್ರಜ್ಞನಾಗಿದ್ದೂ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಡೇನಿಯಲ್ ಕಾನೆಮನ್, ಹಿಂದೆ ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಪಾಠ ಮಾಡುತ್ತಿದ್ದಾಗ, ಹೊಗಳಿಕೆಯಿಂದ ಕಲಿಕೆ ಚೆನ್ನಾಗುತ್ತದೆ ಅಂದರಂತೆ. ಹಿರಿಯ ತರಬೇತುದಾರನೊಬ್ಬ ಒಪ್ಪಲಿಲ್ಲ. ಚೆನ್ನಾಗಿ ವಿಮಾನ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನಿಗೆ ಗದರಿದರೆ ಸುಧಾರಿಸುತ್ತಾನೆ, ಇದು ನನ್ನ ಅನುಭವ ಅಂದ. ಥೇಟ್ ನನ್ನ ಮಾತು! ಕಾನೆಮನ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಎಲ್ಲರೂ ಬೆನ್ನು ತಿರುಗಿಸಿ ಎರಡೆರಡು ಸಲ ನಾಣ್ಯ ಎಸೆಯುವಂತೆ ಮಾಡಿದರು. ಮೊದಲ ಸಲ ಹತ್ತಿರ ಎಸೆದವರಲ್ಲಿ ಹೆಚ್ಚಿನವರು ಎರಡನೇ ಸಲ ದೂರ ಹೋದರು, ದೂರ ಎಸೆದವರು ಹತ್ತಿರ ಬಂದರು. ಹೊಗಳಿದವರೂ ಇಲ್ಲ, ಬೈದವರೂ ಇಲ್ಲ. ಅದೃಷ್ಟವೂ ಸೇರಿರುವ ಯಾವ ಕೆಲಸದಲ್ಲೂ ತೀರಾ ಕೆಟ್ಟ ದಿನದ ಮರುದಿನ ಸಾಮಾನ್ಯ ದಿನವೇ ಬರುವ ಸಾಧ್ಯತೆ ಹೆಚ್ಚು. ನಡುವೆ ಒಂದು ಬೈಗುಳ ತುರುಕಿದರೆ ಕೀರ್ತಿಯೆಲ್ಲ ಅದಕ್ಕೆ.

ನಮ್ಮಲ್ಲಿ ಆ ಅದೃಷ್ಟದ ಹೆಸರು ಬೋರ್ಮ. ಸ್ವಲ್ಪ ಹೆಚ್ಚು ಒಣಗಿದರೆ ತಿರುಳು ಕೈ ತಾಗಿದರೆ ಸಾಕು, ಎರಡಾಗುತ್ತದೆ. ಕಡಿಮೆ ಒಣಗಿದರೆ ಸಿಪ್ಪೆ ಬಿಡುವುದಿಲ್ಲ, ಚೂರಿ ಒತ್ತಬೇಕು, ಆಗಲೂ ಮುರಿಯುತ್ತದೆ. ಮಳೆಗಾಲದಲ್ಲಿ ಒಣಗಿದ ತಿರುಳು ಮತ್ತೆ ತೇವ ಎಳೆದುಕೊಳ್ಳುತ್ತದೆ. ಊರಿನ ಬೀಜ ಒಂದು ಥರ, ಆಫ್ರಿಕಾದಿಂದ ಹಡಗಿನಲ್ಲಿ ಬಂದದ್ದು ಇನ್ನೊಂದು ಥರ. ಇಷ್ಟೆಲ್ಲ ಗೊತ್ತಿದ್ದೂ ತುಂಡು ಕಂಡ ಕೂಡಲೇ ನನ್ನ ಕಣ್ಣು ಹೋಗುತ್ತಿದ್ದದ್ದು ಹೆಂಗಸಿನ ಮುಖಕ್ಕೆ. ಬೇರೆಯವರ ತಪ್ಪಿಗೆ ಅವರ ಗುಣವೇ ಕಾರಣ ಅಂದುಕೊಂಡು ಸುತ್ತಲಿನ ಪರಿಸ್ಥಿತಿಯನ್ನು ಮರೆಯುವ ಈ ಚಾಳಿಗೆ ಲೀ ರಾಸ್ ಎಂಬವರು 1977ರಲ್ಲೇ ಹೆಸರಿಟ್ಟಿದ್ದಾರೆ. ಪರೀಕ್ಷೆಯಲ್ಲಿ ಅದನ್ನು ಐದು ಅಂಕಕ್ಕೆ ಬರೆದಿದ್ದೆ, ಪೂರ್ತಿ ಅಂಕ ಬಂದಿತ್ತು.

ಸೂಪರ್‌ವೈಸರ್‌ಗಳಿಗೆ ಇದನ್ನು ಭಾಷಣ ಮಾಡಿ ಹೇಳಿದರೆ ತಲೆ ಅಲ್ಲಾಡಿಸಿ ಹೋಗುತ್ತಾರೆ. ಒಂದು ಶನಿವಾರ ಸಂಜೆ ಗೋದಾಮಿನ ಅಂಗಳದಲ್ಲಿ ಸೀಮೆಸುಣ್ಣದಲ್ಲಿ ವೃತ್ತ ಬರೆದು, ಒಂದು ಬುಟ್ಟಿ ಹಸಿ ಗೇರುಬೀಜ ತರಿಸಿದೆ. ಬೇಸಿಗೆ ರಜೆಯಲ್ಲಿ ಬೀಜ ಎಸೆದು ಆಡದವರು ನಮ್ಮೂರಲ್ಲಿ ಯಾರಿದ್ದಾರೆ? ಮೂವರು ಸೂಪರ್‌ವೈಸರ್‌ಗಳು, ರೈಟರ್, ಬೋರ್ಮದವರು, ಲೋಡಿಂಗ್ ಹುಡುಗರು, ಎಲ್ಲ ಸೇರಿ ಹನ್ನೊಂದು ಜನ ಬೆನ್ನು ಹಾಕಿ ನಿಂತು ಭುಜದ ಮೇಲಿಂದ ಎಸೆದರು. ಮೊದಲ ಸುತ್ತಿನಲ್ಲಿ ಅತಿ ದೂರ ಎಸೆದವರಿಗೆ ನಾನು ಬೇಕೆಂದೇ ಚೆನ್ನಾಗಿ ಬೈದೆ, ನಡುವೃತ್ತಕ್ಕೆ ಎಸೆದ ರೈಟರನ್ನು ಹಾಡಿ ಹೊಗಳಿದೆ. ಎರಡನೇ ಸುತ್ತಿಗೆ ರೈಟರ್‌ನ ಬೀಜ ಹಾರಿ ಚರಂಡಿಗೆ ಬಿತ್ತು, ಬೈಸಿಕೊಂಡ ಇಬ್ಬರದ್ದೂ ವೃತ್ತದ ಹತ್ತಿರ ಬಂತು. ನಗೆಯೋ ನಗೆ. ಹಿರಿಯ ಸೂಪರ್‌ವೈಸರ್ ಮಾತ್ರ ನಗಲಿಲ್ಲ. ಸ್ವಲ್ಪ ಹೊತ್ತು ವೃತ್ತ ನೋಡುತ್ತಾ ನಿಂತು, "ಹಾಗಾದ್ರೆ ಇಷ್ಟು ವರ್ಷ ನಾವು ಬೈದದ್ದೆಲ್ಲ ದಂಡವಾ ಅಕ್ಕಾ?" ಅಂತ ಕೇಳಿದರು.

ದಂಡ ಮಾತ್ರವಲ್ಲ, ನಷ್ಟ ಅನ್ನುವುದು ಆಮೇಲೆ ತಿಳಿಯಿತು. ಏಮಿ ಎಡ್ಮಂಡ್‌ಸನ್ ಎಂಬವರು ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಭ್ಯಾಸ ಮಾಡಿದಾಗ, ಒಳ್ಳೆಯ ತಂಡಗಳಲ್ಲೇ ತಪ್ಪಿನ ಲೆಕ್ಕ ಹೆಚ್ಚು ಬಂತು. ಅವರು ಹೆಚ್ಚು ತಪ್ಪು ಮಾಡುತ್ತಿದ್ದರು ಅಂತಲ್ಲ, ಮುಚ್ಚಿಡದೆ ಹೇಳುತ್ತಿದ್ದರು. 1999ರಲ್ಲಿ ಅವರು ಬರೆದ ಪ್ರಬಂಧದಿಂದ ಈ ನಿರ್ಭಯಕ್ಕೆ ಮನಃಶಾಸ್ತ್ರದಲ್ಲಿ ಗಟ್ಟಿಯಾದ ಜಾಗ ಸಿಕ್ಕಿತು. ನನಗೆ ಅದನ್ನು ನಳ್ಳಿಯ ಹತ್ತಿರ ಒಬ್ಬಳು ಹುಡುಗಿ ಮೂರು ತುಳು ಶಬ್ದದಲ್ಲಿ ಹೇಳಿದ್ದಳು.

ಬದಲಾಗುವುದು ಸುಲಭ ಇರಲಿಲ್ಲ. "ಇನ್ನು ಸಿಟ್ಟು ಮಾಡುವುದಿಲ್ಲ" ಅಂತ ಕಟಪಾಡಿಯಿಂದ ಬಸ್ಸು ಹತ್ತುವಾಗ ಪ್ರತಿಜ್ಞೆ ಮಾಡಿದರೆ ಪರ್ಕಳ ದಾಟುವಷ್ಟರಲ್ಲಿ ಮುರಿದಿರುತ್ತಿತ್ತು. ಪೀಟರ್ ಗೋಲ್‌ವಿಟ್ಸರ್ ಎಂಬ ಮನಃಶಾಸ್ತ್ರಜ್ಞರದ್ದೊಂದು ಉಪಾಯ ಉಪಯೋಗಕ್ಕೆ ಬಂತು: ಸಂಕಲ್ಪವನ್ನು "ಹೀಗಾದರೆ ಹೀಗೆ ಮಾಡುತ್ತೇನೆ" ಎಂದು ಕಟ್ಟಿಟ್ಟುಕೊಳ್ಳುವುದು. ನನ್ನದು ಇಷ್ಟೇ: ಟ್ರೇಯಲ್ಲಿ ತುಂಡು ಕಂಡರೆ, ಮೊದಲು ಬೋರ್ಮದ ಲಾಟ್ ನಂಬರ್ ಕೇಳುತ್ತೇನೆ. ಸಿಟ್ಟು ಬರಲಿ, ಬಾರದಿರಲಿ, ಬಾಯಿಂದ ಮೊದಲು ಬರಬೇಕಾದ್ದು ಆ ಪ್ರಶ್ನೆ. ನಂಬರ್ ಹುಡುಕುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ. ಎಷ್ಟೋ ಸಲ ಅಕ್ಕಪಕ್ಕದ ನಾಲ್ಕೂ ಟ್ರೇ ಅದೇ ಲಾಟಿನವು ಅಂತ ಗೊತ್ತಾಗಿ ನಾನು ಬೋರ್ಮದ ಕಡೆಗೆ ನಡೆದದ್ದುಂಟು.

ಎಡವಿದ್ದೂ ಉಂಟು. ಉತ್ಸಾಹದಲ್ಲಿ "ಈ ವಾರದ ಉತ್ತಮ ಪೀಲರ್" ಅಂತ ಬೋರ್ಡ್ ಹಾಕಿಸಿ ಒಂದು ಸ್ಟೀಲ್ ಡಬ್ಬಿ ಬಹುಮಾನ ಇಟ್ಟೆ. ಒಳ್ಳೆ ಲಾಟ್ ಸಿಕ್ಕವಳಿಗೆ ಡಬ್ಬಿ, ಸಿಗದವಳಿಗೆ ಮುಖ ಊದುವುದು. ಮೂರನೇ ವಾರ ಇಬ್ಬರು ಬಸ್‌ಸ್ಟಾಂಡಿನಲ್ಲಿ ಜಗಳ ಆಡಿದರು. ಬೋರ್ಡ್ ತೆಗೆಸಿದೆ. ಈಗ ಅದರ ಹಿಂಬದಿಯಲ್ಲಿ ಬೋರ್ಮದ ಹೊತ್ತು ಬರೆಯುತ್ತೇವೆ.

ತಪ್ಪಿನ ಪುಸ್ತಕ ಒಂದು ಇಟ್ಟಿದ್ದೇವೆ, ಹೆಸರಿಲ್ಲದೆ. ಏನಾಯಿತು, ಯಾವ ಲಾಟ್, ಎಷ್ಟು ಹೊತ್ತಿಗೆ. ಮೊದಲ ಸಾಲು ನಾನೇ ಬರೆದೆ, ತೂಕದ ಚೀಟಿ ತಪ್ಪಾಗಿ ಸಹಿ ಮಾಡಿದ್ದು. ಆರು ತಿಂಗಳಲ್ಲಿ ಪುಸ್ತಕ ದಪ್ಪವಾದದ್ದು ನೋಡಿ ಧಣಿಗಳು ಹುಬ್ಬು ಗಂಟಿಕ್ಕಿದರು. "ನೀವು ಮೆತ್ತಗಾದ್ರಿ, ಇವರಿಗೆ ಸಲಿಗೆ ಆಯ್ತು." ಮಿಕ್ಸ್ ಆದ ಟ್ರೇಗಳೆಲ್ಲ ನಮ್ಮ ಮೇಜಿನ ಮೇಲೆಯೇ ಸಿಕ್ಕಿವೆ, ಪೆಟ್ಟಿಗೆಗೆ ಹೋಗಿಲ್ಲ ಅಂತ ತೋರಿಸಿದೆ. ಒಪ್ಪಿದರೋ ಇಲ್ಲವೋ, ಪುಸ್ತಕ ಮುಚ್ಚಿ ವಾಪಸ್ ಕೊಟ್ಟರು.

ಬೈಲೂರಿನಿಂದ ಬರುವ ಒಬ್ಬರು ಅಕ್ಕ ಇದ್ದಾರೆ, ನಮ್ಮಲ್ಲಿ ಅತಿ ಹಳಬರು. 2016ರಲ್ಲಿ ನಾನು ಅವರ ಟ್ರೇ ಎತ್ತಿ ಎಲ್ಲರಿಗೆ ತೋರಿಸಿ ಬೈದಿದ್ದೆ. ಆಮೇಲೆ ಕ್ಷಮೆ ಕೇಳಿದ್ದೇನೆ. "ಅಯ್ಯೋ ಬಿಡಿ ಅಮ್ಮ, ಅದೆಲ್ಲ ಎಂತದ್ದು" ಅಂದಿದ್ದಾರೆ. ಆದರೆ ಇವತ್ತಿಗೂ ನನ್ನ ಚಪ್ಪಲಿಯ ಸದ್ದು ಹಿಂದಿನಿಂದ ಬಂದರೆ ಅವರ ಎಡಗೈ ಟ್ರೇಯ ಮೇಲೆ ಅಡ್ಡ ಬರುತ್ತದೆ. ಹಾಗಾಗಿ ನಾನೀಗ ಆ ಸಾಲಿಗೆ ಹೋಗುವಾಗ ಬೋರ್ಮದ ಬಾಗಿಲಿನಿಂದ ಸುತ್ತಿ, ಎದುರಿನಿಂದ ಬರುತ್ತೇನೆ, ಅವರಿಗೆ ದೂರದಿಂದಲೇ ಕಾಣುವ ಹಾಗೆ.